ಗಾಜಿನ ಹಂಚು

ಕುಮಟೆಯ ಅಜ್ಜನಮನೆ ಅಡುಗೆಮನೆಗೆ ಇದ್ದದ್ದು ಒಂದೇ ಗಾಜಿನ ಹಂಚು. ಹೊಗೆಯೊಳಗೆ ಇಳಿಯುವ ಬಿಸಿಲುಕೋಲು ಒರಳಿನ ಹತ್ತಿರ ಬಂತೆಂದರೆ ಅಮ್ಮಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು. ಗಡಿಯಾರ ನೋಡಿದ್ದೇ ಇಲ್ಲ.

ಇದು ಮತ್ತೆ ನೆನಪಾದದ್ದು ಮೊನ್ನೆ, ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದಲ್ಲಿ. 16ನೇ ಶತಮಾನದ್ದು. ಕಲ್ಲಿನದೇ ಇಳಿಜಾರು ಮಾಡು, ಗೋಡೆಗೆ ಮರದ ಪಟ್ಟಿಗಳ ಹಾಗೆ ಕಲ್ಲಿನ ಜಾಲರಿ. ಮಳೆ ಹೊರಗೆ, ಬೆಳಕು ಮಾತ್ರ ಒಳಗೆ, ಅದೂ ಸೋಸಿಕೊಂಡು. ಥೇಟ್ ನಮ್ಮ ಹಂಚಿನ ಮನೆಯ ಲೆಕ್ಕಾಚಾರ!

ಅಜ್ಜನಮನೆಗೆ ಆರ್‌ಸಿಸಿ ಹಾಕಿಸಿ ಅಂತ ಹಟ ಹಿಡಿದವನು ನಾನೇ. ಸೋರುವುದೇನೋ ನಿಂತಿತು. ಈಗ ಮಧ್ಯಾಹ್ನವೂ ಟ್ಯೂಬ್‌ಲೈಟು ಬೇಕು. ಅದರಡಿ ಕೂತ ಅಮ್ಮಮ್ಮ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ, "ತಮಾ, ಗಂಟೆ ಎಷ್ಟಾತು?"

ಹಳೇ ಮನೆ ಕೆಡವಿ ಕಟ್ಟುವವರಿದ್ದರೆ ಒಂದು ಬೆಳಕಿಂಡಿ ಬಿಡಿ ಮಾರಾಯ್ರೆ...