ಸಂದಿಗೊಂದು ಎಪ್ಸಿಲಾನ್

ಅರ್ಥಶಾಸ್ತ್ರವೆಂದರೆ ತೊಗರಿಯ ಧಾರಣೆ, ಬ್ಯಾಂಕಿನ ಬಡ್ಡಿ, ಬಜೆಟ್ಟಿನ ಗದ್ದಲ ಎಂದುಕೊಂಡಿದ್ದೆ. ಪಿಎಚ್.ಡಿ.ಗೆಂದು ಬೆಂಗಳೂರಿಗೆ ಹೋದರೆ ಗೈಡು ಕೈಗಿಟ್ಟದ್ದು ವಾಲ್ಟರ್ ರುಡಿನ್ನನ ಗಣಿತ ಪುಸ್ತಕ. 1953ರಲ್ಲಿ ಮೊದಲು ಅಚ್ಚಾದದ್ದು. ಅಂದಿನಿಂದಲೂ ಓದುಗನ ಮೇಲೆ ಕರುಣೆಯಿಲ್ಲ. ‘ಇದೇ ಬುನಾದಿ’ ಎಂದರು. ಬೇಸಿಗೆ ರಜೆಗೆ ಬುನಾದಿಯನ್ನು ಚೀಲದಲ್ಲಿ ಹೊತ್ತು ನಮ್ಮೂರು ವಾಡಿಯಲ್ಲಿ ಇಳಿದೆ.

‘ಯಾವ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಡೆಲ್ಟಾ ಒಂದುಂಟು.’ ಪುಸ್ತಕದ ಈ ಒಂದು ಸಾಲಿಗೆ ಮೂರು ದಿನ ಹೋಯಿತು. ಪಾರಾಯಣಕ್ಕೆ ಕೂತಿದ್ದೇನೆಂದು ತಿಳಿದು ಅವ್ವ ಚಹಾ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದಳು. ಅಪ್ಪ ಮಾತ್ರ ಕೇಳಿದ. ಆತ ಜೀವಮಾನವಿಡೀ ಫರ್ಸಿ ಹಾಸಿದವನು. (ನಮ್ಮ ಕಡೆಯ ಸುಣ್ಣಕಲ್ಲು ಹಾಸಿದರೆ ಫರ್ಸಿ, ಸುಟ್ಟರೆ ಸಿಮೆಂಟು, ವಾಡಿಯವರ ಅನ್ನ ಎರಡರಲ್ಲೂ ಉಂಟು.) ಎಪ್ಸಿಲಾನ್ ಎಂದರೆ ಎಷ್ಟು ತಪ್ಪು ಸಹಿಸಬಹುದೆಂಬ ಅಳತೆ, ಡೆಲ್ಟಾ ಎಂದರೆ ಅದಕ್ಕೆ ತಕ್ಕ ಎಚ್ಚರ ಎಂದು ತೊದಲುತ್ತ ವಿವರಿಸಿದೆ.

‘ಸಂದಿ ನೂಲೆಳಿ ಅಷ್ಟೇ ಇರಬೇಕು ಅಂದ್ರ ಅಂಚು ಅಷ್ಟು ಸಾಫ್ ಮಾಡ್ತೀನಿ. ಇನ್ನೂ ಸಣ್ಣದು ಅಂದ್ರ ಇನ್ನೂ ಕೆತ್ತತೀನಿ. ಮೊದಲ ಮನಿ ಮಾಲಕ ಹೇಳಬೇಕು, ಆಮ್ಯಾಲ ನಾ ಉಳಿ ಹಿಡೀಬೇಕು. ಇಷ್ಟೇ ಹೌದಲ್ಲೋ ತಮ್ಮಾ?’

ಇಷ್ಟೇ. ಮೂರು ದಿನವೂ ನಾನು ಮಾಲಕ ಬಾಯಿ ಬಿಡುವ ಮೊದಲೇ ಉಳಿ ಹಿಡಿದು ಕೂತಿದ್ದೆ.

ಉಮೇದು ಬಂದು ಮುಂದಿನದನ್ನೂ ಹೇಳಿದೆ. ಬೇಡಿಕೆ, ಪೂರೈಕೆ ಎಲ್ಲ ಪೇಟೆಗಳಲ್ಲೂ ಒಮ್ಮೆಗೇ ಸರಿದೂಗುವ ಬೆಲೆಗಳು ಕೆಲವು ಷರತ್ತುಗಳಡಿ ಇದ್ದೇ ಇವೆಯೆಂದು ಆರೋ ಮತ್ತು ಡೆಬ್ರೂ ಎಂಬ ಅರ್ಥಶಾಸ್ತ್ರಜ್ಞರು 1954ರಲ್ಲಿ ಸಾಧಿಸಿ ತೋರಿಸಿದರು. ಆ ಸಾಧನೆ ನಿಂತಿರುವುದು ಇಂಥ ಗಣಿತದ ಮೇಲೆಯೇ, ಅದಕ್ಕೇ ಈ ಪಾಡು. ಅಪ್ಪ ಬೀಡಿ ಆರಿಸಿದ.

‘ರೇಟು ಅದ ಅಂತ ಸಿದ್ಧ ಮಾಡ್ಯಾರ, ಖರೆ. ಕಲಬುರಗಿ ಬಜಾರದಾಗ ನಮ್ಮ ತೊಗರಿಗಿ ಅದು ಯಾವಾಗ ಹತ್ತತದ ಅಂತ ಬರದಾರೇನು?’

ಬರೆದಿಲ್ಲ. ಇದೆ ಎನ್ನುವುದು ಒಂದು ಪ್ರಮೇಯ, ಪೇಟೆ ಅಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಬೇರೆಯೇ ಮಾತು. ಇದನ್ನು ಅರ್ಥಶಾಸ್ತ್ರದವರು ಒಪ್ಪಿಕೊಳ್ಳಲು ಎಷ್ಟೋ ವರ್ಷ ಬೇಕಾಯಿತು. ಅಪ್ಪನಿಗೆ ಒಂದು ಬೀಡಿ ಸಾಕಾಯಿತು.

ಈಗ ಅಪ್ಪ ಇಲ್ಲ. ಊರವರ ಪಡಸಾಲೆಗಳಲ್ಲಿ ಆತ ಹಾಸಿದ ಕಲ್ಲುಗಳ ನಡುವೆ ಉಗುರೂ ಇಳಿಯದು. ನಮ್ಮ ಹೊಸ್ತಿಲ ಬಳಿ ಮಾತ್ರ ಬೆರಳು ತೂರುವಷ್ಟು ಸಂದಿ. ಯಾಕೆಂದು ಆ ರಜೆಯಲ್ಲೇ ಕೇಳಿದ್ದೆ. ‘ನಮ್ಮ ಮನ್ಯಾಗ ಎಪ್ಸಿಲಾನ್ ಯಾರು ಹೇಳ್ಯಾರೋ?’ ಅಂದಿದ್ದ.

ಮಳೆ ಹಿಡಿದರೆ ಅಲ್ಲಿಂದ ಇರುವೆ ಸಾಲುಗಟ್ಟುತ್ತವೆ. ಸಿಮೆಂಟು ಮೆತ್ತಿಸುತ್ತೇನೆಂದರೆ ಅವ್ವ ಬೇಡ ಎನ್ನುತ್ತಾಳೆ. ಅರಿಶಿನ ಉದುರಿಸಿ ಸುಮ್ಮನಾಗುತ್ತಾಳೆ.