ನೀರು ಸಮನಾದ ಮೇಲೆ ತೆರೆಯುವ ಕದ

ಅಚೌರ್ಯಾಣುವ್ರತವನ್ನು ಕುರಿತು ಯೋಚಿಸುವಾಗ ನನಗೆ ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿರುವ 'ಲಾಕ್' ಎಂಬ ರಚನೆ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ದೋಣಿಗಳ ಸಂಚಾರಕ್ಕಾಗಿ ತೋಡಿದ ಕಾಲುವೆಯು ದಿಬ್ಬವನ್ನೇರಬೇಕಾದಲ್ಲಿ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಬೇಕಾಗುತ್ತದೆ. ಪ್ರತಿಯೊಂದು ಮೆಟ್ಟಿಲಿಗೂ ಕಲ್ಲುಗಟ್ಟಡದ ಒಂದು ಕೋಣೆ. ಅದರ ಮೇಲ್ತುದಿಗೊಂದು, ಕೆಳತುದಿಗೊಂದು ಕದ. ಮೇಲೇರುವ ದೋಣಿಯು ಕೆಳಗಿನಿಂದ ಒಳಬಂದೊಡನೆ ಆ ಕದವನ್ನು ಮುಚ್ಚಿ, ಮೇಲುಗಡೆಯ ಕಿಂಡಿಗಳ ಮೂಲಕ ನೀರನ್ನು ಬಿಡುತ್ತಾರೆ. ಕೋಣೆ ತುಂಬಿದಂತೆ ದೋಣಿಯೂ ಏರುತ್ತದೆ. ಡಿವೈಜಸ್ ಎಂಬ ಊರಿನ ಬಳಿ 1810ರಲ್ಲಿ ಸಿದ್ಧವಾದ ಕೇನ್ ಹಿಲ್ ಸಾಲಿನಲ್ಲಿ ಸುಮಾರು ಎರಡು ಮೈಲಿಗಳೊಳಗೆ ಇಂತಹ 29 ಕೋಣೆಗಳಿದ್ದು, ದೋಣಿಗಳು ಒಟ್ಟು 237 ಅಡಿ ಏರುತ್ತವೆ.

ಕದಗಳ ಜೋಡಣೆಯೇ ವಿಶೇಷವಾದುದು. ಎರಡು ರೆಕ್ಕೆಗಳು ಮೇಲಿನ ನೀರಿನ ಕಡೆಗೆ ಬಾಣದ ಮೊನೆಯಂತೆ ಕೂಡುತ್ತವೆ. ಹೀಗಾಗಿ ಮೇಲಿನ ನೀರಿನ ಒತ್ತಡವೇ ಅವನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಎರಡೂ ಮಗ್ಗುಲಿನ ನೀರು ಸಮನಾಗುವ ತನಕ ಎಂತಹ ಬಲಶಾಲಿಯೂ ಅದನ್ನು ತೆರೆಯಲಾರ. ಸಮನಾದ ಮೇಲೆ ಒಬ್ಬನೇ ಬೆನ್ನುಕೊಟ್ಟು ದಬ್ಬಿದರೂ ತೆರೆಯುತ್ತದೆ. ಇನ್ನೊಂದು ಮಾತು. ಕಿರಿದಾದ ಒಂದು ಕೋಣೆಯನ್ನು ತುಂಬಿ ಬರಿದು ಮಾಡಿದರೆ ಲಕ್ಷ ಲೀಟರಿಗೂ ಮೀರಿದ ನೀರು ಕೆಳಗೆ ಹೋಗುತ್ತದೆ. ಆದ್ದರಿಂದ ನೀರಿನ ಅಭಾವವಿದ್ದಾಗ, ಒಂದು ದೋಣಿ ಇಳಿದ ನಂತರ ಅದೇ ಬರಿದಾದ ಕೋಣೆಯಲ್ಲಿ ಇನ್ನೊಂದು ಏರಬೇಕೆಂಬ ಸರದಿಯನ್ನು ಪಾಲಿಸುತ್ತಾರೆ. ಒಂದು ಕೋಣೆಯ ನೀರಿನಲ್ಲಿ ಇಬ್ಬರ ಕಾರ್ಯವಾಗುತ್ತದೆ. ಎದುರಿನಿಂದ ಬರುವವನಿಗಾಗಿ ಕಾಯುವ ತಾಳ್ಮೆಯಷ್ಟೇ ಬೇಕು.

ಇದು ಪರದೇಶದ ಸೋಜಿಗವೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ತುಂಗಭದ್ರೆಯ ನೀರೂ ಇಂತಹ ಕೋಣೆಗಳನ್ನು ಹಾದಿದೆ. ಕರ್ನೂಲಿನ ಮೇಲ್ಭಾಗದ ಸುಂಕೇಸುಲದಿಂದ ಕಡಪಾದವರೆಗಿನ ಕೆ.ಸಿ. ಕಾಲುವೆಯನ್ನು 1863ರಿಂದ ಮೊದಲುಗೊಂಡು ಮದ್ರಾಸಿನ ಹೆಸರು ಹೊತ್ತ ಆಂಗ್ಲ ಕಂಪನಿಯೊಂದು ನೀರಾವರಿಗೂ ದೋಣಿ ಸಂಚಾರಕ್ಕೂ ಎಂದು ನಿರ್ಮಿಸಿತು. ಅದರ ಹತ್ತು ಲಕ್ಷ ಪೌಂಡಿನ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತ್ರಿಯನ್ನು ಸರಕಾರ ಕೊಟ್ಟಿತ್ತು. ಲಾಭವಾಗಲಿ ಆಗದಿರಲಿ ಪಾಲುದಾರನಿಗೆ ಬಡ್ಡಿ ಮುಟ್ಟುವ ವ್ಯಾಪಾರ! ಇಂತಹ ಗಿರಾಕಿ ನಮ್ಮ ಪೇಟೆಯಲ್ಲಿ ಯಾರಿಗೂ ದೊರೆತದ್ದಿಲ್ಲ. ನಷ್ಟದಲ್ಲಿ ನಡೆದ ಆ ಕಾಲುವೆಯನ್ನು 1882ರಲ್ಲಿ ಸರಕಾರವೇ ಕೊಂಡಿತು. ದೋಣಿ ಸಂಚಾರ ನಿಂತು ಬಹುಕಾಲವಾಯಿತು. ನೀರು ಹೊಲಗಳಿಗೆ ಈಗಲೂ ಹರಿಯುತ್ತಿದೆ.

ಅದೇ ನದಿಗೆ ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲಿ ಅಣೆಕಟ್ಟೆಯಿದೆ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯು ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರಿನ ಕಡೆಗೆ ಸಾಗುತ್ತದೆ. ಅದರ ಬಹುಭಾಗವನ್ನು ಜೋಳ, ಶೇಂಗಾ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿದ್ದರು. ಆದರೆ ಮೇಲ್ಭಾಗವೆಲ್ಲ ಭತ್ತದ ಗದ್ದೆಯಾಯಿತು. ಕೊನೆಭಾಗದ ರೈತರು ತಮ್ಮ ಪಾಲಿನ ನೀರಿಗಾಗಿ ಧರಣಿ ಕೂಡುವುದು ವಾಡಿಕೆಯಾಗಿಬಿಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡೆಲ್ಲ ತಲ್ಲಣಿಸಿತು. ಉಪಕಾಲುವೆಯ ತೂಬನ್ನು ಯಾರೋ ರಾತ್ರಿ ನಾಲ್ಕು ಬೆರಳು ಎತ್ತಿಟ್ಟರೆ ಯಾರೂ ತಲ್ಲಣಿಸುವುದಿಲ್ಲ. ಈ ತೂಬುಗಳಿಗೆ ಲಾಕಿನ ಕದದ ಗುಣವಿಲ್ಲ. ಮೇಲಿನವನು ಎತ್ತಿದರೆ ಎದ್ದುಬರುತ್ತವೆ.

ಈ ನೀರನ್ನು ಚೌರ್ಯವೆನ್ನಬಹುದೇ? ನೀರು ಪ್ರಕೃತಿಯದು, ಅದಕ್ಕೆ ಒಡೆಯನಿಲ್ಲ ಎಂದು ವಾದಿಸುವ ಸಾಧರ್ಮಿ ಬಂಧುಗಳಿದ್ದಾರೆ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ, ಅನ್ಯರ ಬಾವಿಯ ನೀರು ಮೊದಲಾದುವನ್ನು ಕೇಳದೆ ತೆಗೆದುಕೊಳ್ಳುವುದನ್ನು ಬಿಡಲಾರದ ಗೃಹಸ್ಥರೂ ಉಳಿದ ಅದತ್ತವಸ್ತುಗಳನ್ನೆಲ್ಲ ಬಿಡಬೇಕೆಂದು ವಿಧಿಸಿರುವುದನ್ನು ಅವರು ಆಧಾರವಾಗಿ ತೋರಿಸುತ್ತಾರೆ. ನನ್ನ ಅಲ್ಪಮತಿಗೆ ಅದು ದಾರಿಹೋಕನ ಕೊಡಕ್ಕೆ ಕೊಟ್ಟ ರಿಯಾಯತಿಯೆಂದು ತೋರುತ್ತದೆ. ಎಕರೆಯ ಲೆಕ್ಕದಲ್ಲಿ ಹಂಚಿಟ್ಟ ನೀರಿಗೆ ಪಾಲುದಾರರಿದ್ದಾರೆ. ಹಂಚಿಕೆಯಾದ ಮೇಲೆ ಅದು ಲೆಕ್ಕದ ಪುಸ್ತಕದಲ್ಲಿ ಇನ್ನೊಬ್ಬರ ಹೆಸರಿನ ಜಮೆ.

ರೈತನನ್ನು ಮಾತ್ರ ದೂರಿ ವರ್ತಕರಾದ ನಾವು ಪಾರಾಗುವಂತಿಲ್ಲ. ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಈ ವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ, ಎಂದರೆ ಕಳವಿಗೆ ಪ್ರೇರಣೆ. ಎರಡನೆಯದು ತದಾಹೃತಾದಾನ, ಎಂದರೆ ಕದ್ದು ತಂದುದನ್ನು ಕೊಳ್ಳುವುದು. ತೂಕ ಅಳತೆಗಳ ಮೋಸ, ಕಲಬೆರಕೆಗಳು ಅನಂತರ ಬರುತ್ತವೆ. ನಾವು ತಕ್ಕಡಿಯ ವಿಷಯದಲ್ಲಿ ತೋರುವ ಎಚ್ಚರವನ್ನು ಮೊದಲಿನ ಎರಡರಲ್ಲಿ ತೋರಿದ್ದು ಕಡಿಮೆ.

ಪೇಟೆಯ ರಾಶಿಯಲ್ಲಿರುವ ಭತ್ತಕ್ಕೆ ಯಾವ ನೀರಿನದೆಂಬ ಗುರುತಿರುವುದಿಲ್ಲ. ಅದನ್ನು ಕೊಂಡವನ ಮೇಲೆ ತದಾಹೃತಾದಾನದ ದೋಷವನ್ನು ಹೊರಿಸುವುದು ಅತಿಯಾದೀತು. ಕೊಂಡವನಿಗೆ ಗೊತ್ತಿರಬೇಕಲ್ಲವೆ? ಆದರೆ ಹಂಗಾಮಿಗೆ ಮುನ್ನ ಮುಂಗಡ ಕೊಡುವವನಿಗೆ ಎಲ್ಲವೂ ಗೊತ್ತಿರುತ್ತದೆ. ಹೊಲ ಎಲ್ಲಿಯದು, ಅದಕ್ಕೆ ಯಾವ ಬೆಳೆ ಗೊತ್ತಾಗಿದೆ, ನೀರು ಎಲ್ಲಿಂದ ಬರಬೇಕು ಎಂಬುದನ್ನು ವಿಚಾರಿಸದೆ ಯಾವ ಸಾವುಕಾರನೂ ಹಣ ಬಿಚ್ಚುವುದಿಲ್ಲ. ಹಾಗೆ ತಿಳಿದೂ ಭತ್ತಕ್ಕೇ ಎಂದು ಕೊಟ್ಟ ಮುಂಗಡ ಮೊದಲನೆಯ ಅತಿಚಾರಕ್ಕೆ ಸೇರುತ್ತದೆಂದೇ ನಾನು ತಿಳಿಯುತ್ತೇನೆ. ಕೆಲವು ಹಿರಿಯರು ಇದನ್ನು ಒಪ್ಪುವುದಿಲ್ಲ. ಮುಂಗಡವಿಲ್ಲದಿದ್ದರೆ ರೈತನು ಬೇರೆ ಅಂಗಡಿಯ ಮೆಟ್ಟಿಲೇರುತ್ತಾನೆ, ನೀರೇನೂ ಉಳಿಯುವುದಿಲ್ಲ ಎನ್ನುತ್ತಾರೆ. ಅವರ ಮಾತು ದಿಟ. ಮಳೆಯನ್ನೇ ನಂಬಿದ ಹನುಮಸಾಗರದ ಸೀಮೆಯಲ್ಲಿ ಕುಳಿತು ಇದನ್ನು ಹೇಳುವುದು ಸುಲಭವೆಂಬುದೂ ದಿಟ; ಇಲ್ಲಿ ಎತ್ತಲು ತೂಬೇ ಇಲ್ಲ. ಆದರೂ ಗಂಗಾವತಿಯ ಕಡೆಯಿಂದ ಮುಂಗಡ ಕೇಳಿಕೊಂಡು ಬಂದವರಿಗೆ, ಗೊತ್ತಾದ ಬೆಳೆಗೆ ಬೇಕಾದರೆ ಕೊಡುತ್ತೇನೆ ಎನ್ನುತ್ತೇನೆ. ಹೋದ ಹಂಗಾಮಿನಲ್ಲಿ ಇಬ್ಬರು ಒಪ್ಪಿದರು, ಉಳಿದವರು ಎದ್ದುಹೋದರು.