ಮೈಲೋ, ರೊಕ್ಕವೋ?

ನಾನು ಲೆಕ್ಕದ ಮನುಷ್ಯನು. ಮೂವತ್ತೊಂದು ವರ್ಷ ಹೈಸ್ಕೂಲಿನ ಹುಡುಗರಿಗೆ ಗಣಿತವನ್ನು ಕಲಿಸಿ, ನಿವೃತ್ತನಾಗಿ, ಘೋಣಸಗಿಯ ಹಿರಿಯರ ಮನೆಗೆ ಬಂದು ನೆಲೆಸಿದ ಮೇಲೆಯೂ ಆ ಚಟವು ನನ್ನನ್ನು ಬಿಟ್ಟಿಲ್ಲ. ರಾತ್ರಿ ಊಟವಾದ ಬಳಿಕ ವಹಿಯನ್ನು ತೆರೆದು ಆ ದಿನದ ಜಮಾ-ಖರ್ಚನ್ನು ಬರೆಯದೆ ನನಗೆ ನಿದ್ದೆ ಹತ್ತುವದಿಲ್ಲ. ಈ ವಹಿಯಲ್ಲಿ 2025ನೆಯ ಇಸವಿಯ ಕೆಲವು ಪುಟಗಳಿಗೆ ಮಾತ್ರ ರೂಪಾಯಿಯ ಮನೆಯ ಪಕ್ಕದಲ್ಲಿ ಇನ್ನೊಂದು ಮನೆಯನ್ನು ಎಳೆದು, ಅದರ ತಲೆಯ ಮೇಲೆ ‘ಮೈಲು’ ಎಂದು ಬರೆದಿದ್ದೇನೆ. ಮೊನ್ನೆ ಮನೆಗೆ ಬಂದಿದ್ದ ಸ್ನೇಹಿತರೊಬ್ಬರು ಅದನ್ನು ಕಂಡು, “ಇದೇನು ಮಾಸ್ತರರೆ, ರೊಕ್ಕದ ವಹಿಯಲ್ಲಿ ಹಾದಿಯ ಅಳತೆ?” ಎಂದು ನಕ್ಕರು. ಆಗ ಅವರಿಗೆ ಅರ್ಧ ಮಾತನ್ನಷ್ಟೇ ಹೇಳಿದೆನು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತೇನೆ.

ಆ ವರ್ಷದ ಮುಂಗಾರಿನಲ್ಲಿ ನನ್ನ ಮಡದಿಗೆ ಎದೆಯ ಗಡ್ಡೆಯ ಶಸ್ತ್ರಕ್ರಿಯೆಯಾಯಿತು. ಗಾಯವು ಮಾಯ್ದ ಮೇಲೆ ಇಪ್ಪತ್ತೈದು ದಿನ ಕಿರಣಚಿಕಿತ್ಸೆ ಆಗಬೇಕೆಂದೂ, ವಾರದಲ್ಲಿ ಐದು ದಿನ ತಪ್ಪದೆ ಬರಬೇಕೆಂದೂ ವೈದ್ಯರು ಹೇಳಿದರು. ಅವಳ ತಮ್ಮನ ಮನೆ ಬೆಂಗಳೂರಿನ ಬಸವೇಶ್ವರನಗರದಲ್ಲಿರುವದರಿಂದ ಚಿಕಿತ್ಸೆಯು ಅಲ್ಲಿಯೇ ಆಗಲೆಂದು ಗೊತ್ತುಮಾಡಿದೆವು. ಘೋಣಸಗಿಯಿಂದ ತಿಕೋಟೆಯ ಮೇಲೆ ಹಾಯ್ದು ವಿಜಯಪುರದವರೆಗೆ ಬಸ್ಸು, ಅಲ್ಲಿಂದ ರಾತ್ರಿಯ ರೈಲು. ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟಿನ ಹಣವಿಲ್ಲ. 2023ನೆಯ ಜೂನ್ 11ರಿಂದ ನಡೆದುಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯದ ಟಿಕೆಟ್ಟು ದೊರೆಯುವದನ್ನು ಎಲ್ಲರೂ ಬಲ್ಲರು. ಕಂಡಕ್ಟರನು ಆ ಶೂನ್ಯದ ಚೀಟಿಯನ್ನು ಅವಳ ಕೈಗಿತ್ತಾಗಲೆಲ್ಲ ಅವಳು ಅದನ್ನು ನನಗೆ ತೋರಿಸಿ, “ಇದನ್ನ ನಿಮ್ಮ ವಹಿಯಾಗ ಹೆಂಗ ಬರೀತೀರಿ?” ಎಂದು ಕೇಳುವಳು. ಈ ಪ್ರಶ್ನೆಗೆ ನಾನು ಈವರೆಗೂ ನೇರಾದ ಉತ್ತರವನ್ನು ಕೊಟ್ಟಿಲ್ಲ.

ಬೆಂಗಳೂರಿನಲ್ಲಿಯೂ ಅವಳಿಗೆ ಬಸ್ಸು ಪುಕ್ಕಟೆಯೇ. ಆದರೆ ಆಸ್ಪತ್ರೆ ನಗರದ ಇನ್ನೊಂದು ಮಗ್ಗುಲಿಗೆ, ಹದಿಮೂರು ಕಿಲೋಮೀಟರು ದೂರ. ನಡುವೆ ಒಂದು ಕಡೆ ಇಳಿದು ಬೇರೆ ಬಸ್ಸು ಹತ್ತಬೇಕು. ತೋಳೆತ್ತಲಾರದ ಹೆಂಗಸನ್ನು ಮುಂಜಾನೆಯ ಆ ಸಂದಣಿಯಲ್ಲಿ ನಿಲ್ಲಿಸುವದು ಸಾಧ್ಯವಿರಲಿಲ್ಲ. ಹೀಗಾಗಿ ಫೋನಿನ ಮೇಲೆ ಕರೆಯುವ ಬಾಡಿಗೆಯ ಕಾರೇ ಗತಿಯಾಯಿತು. ಹೋಗುವಾಗ ಬರುವಾಗ ಸರಾಸರಿ ಮುನ್ನೂರು ರೂಪಾಯಿ. ಇಪ್ಪತ್ತೈದು ದಿನಕ್ಕೆ ಐವತ್ತು ಸವಾರಿ. ಹದಿನೈದು ಸಾವಿರ ರೂಪಾಯಿ. ನಿವೃತ್ತಿವೇತನದ ಮನುಷ್ಯನಿಗೆ, ಔಷಧದ ಖರ್ಚು ಬೇರೆ ಇರುವಾಗ, ಇದು ಸಣ್ಣ ಮೊತ್ತವಲ್ಲ.

ಎರಡನೆಯ ದಿನ ರಾತ್ರಿ ಅಮೇರಿಕೆಯ ಡಲ್ಲಾಸಿನಿಂದ ಮಗಳು ಫೋನು ಮಾಡಿದಳು. “ಅಪ್ಪಾ, ಕಾರಿಗೆ ರೊಕ್ಕ ಯಾಕ ಕೊಡ್ತೀರಿ? ನನ್ನ ಹತ್ರ ಎಪ್ಪತ್ತ ಸಾವಿರ ಮೈಲ ಅದಾವ. ಅವನ್ನ ಕೊಟ್ಟು ಕಾರಿನ ಕೂಪನ್ ತಗೋಬಹುದು. ನೀವು ಹ್ಞೂ ಅನ್ರಿ, ನಾ ಕಳಸ್ತೀನಿ,” ಎಂದಳು.

ವಿಮಾನ ಹತ್ತದ ವಾಚಕರಿಗಾಗಿ ಈ ಮೈಲೆಂದರೇನೆಂಬುದನ್ನು ಹೇಳಬೇಕು. ತನ್ನ ಗಿರಾಕಿ ಬೇರೆ ಅಂಗಡಿಗೆ ಹೋಗದಿರಲೆಂದು ಕಿರಾಣಿಯವನು ಹಬ್ಬಕ್ಕೆ ಬೆಲ್ಲದ ಚೂರು ಕೊಡುವಂತೆ, ವಿಮಾನ ಸಂಸ್ಥೆಗಳು ತಮ್ಮಲ್ಲಿ ಮೇಲಿಂದ ಮೇಲೆ ಪ್ರಯಾಣ ಮಾಡುವವರ ಹೆಸರಿಗೆ ಮೈಲುಗಳನ್ನು ಜಮೆ ಮಾಡುತ್ತವೆ. ಅಮೇರಿಕೆಯ ದೊಡ್ಡ ಸಂಸ್ಥೆಗಳಲ್ಲಿ ಈ ಪದ್ಧತಿಯು 1981ರಲ್ಲಿ ಬೇರೂರಿತು. ಮೊದಲಿಗೆ ಹಾರಿದ ದೂರವೇ ಲೆಕ್ಕ. ಅದಕ್ಕೇ ಆ ಹೆಸರು. ಈಗ ಬಹಳ ಸಂಸ್ಥೆಗಳು ದೂರವನ್ನು ಬಿಟ್ಟು, ಕೊಟ್ಟ ಹಣವನ್ನು ನೋಡಿ ಜಮೆ ಹಿಡಿಯುತ್ತವೆ. ಹೆಸರು ಮಾತ್ರ ಉಳಿದಿದೆ, ಕಿಲೋಮೀಟರು ಬಂದ ಮೇಲೆಯೂ ನಮ್ಮ ಹಾದಿಯ ಬದಿಯ ಕಲ್ಲು ‘ಮೈಲುಗಲ್ಲು’ ಆಗಿಯೇ ಉಳಿದಂತೆ. ಕೂಡಿಬಿದ್ದ ಮೈಲುಗಳನ್ನು ಕೊಟ್ಟರೆ ವಿಮಾನದ ಟಿಕೆಟ್ಟು ದೊರೆಯುವದು. ಅದು ಬೇಡವೆಂದರೆ ಹೋಟೆಲು, ಸಾಮಾನು, ಬಾಡಿಗೆಯ ಕಾರು, ಹೀಗೆ ಅವರು ತೆರೆದಿಟ್ಟ ಬೇರೆ ಅಂಗಡಿಗಳಲ್ಲಿಯೂ ನಡೆಯುವದು. ಒಟ್ಟಿನಲ್ಲಿ ಅದೊಂದು ನಾಣ್ಯ. ಆದರೆ ಅಚ್ಚುಹಾಕುವವರೂ ಅವರೇ, ಅದರ ಬೆಲೆಯನ್ನು ಹೇಳುವವರೂ ಅವರೇ.

ನಾನು ಅಂದೇ ರಾತ್ರಿ ವಹಿಯಲ್ಲಿ ಆ ಹೊಸ ಮನೆಯನ್ನು ಎಳೆದೆನು. ಕಾರಿನ ಕೂಪನಿಗೆ ಕೊಟ್ಟರೆ ಒಂದು ಮೈಲಿಗೆ ನಲವತ್ತು ಪೈಸೆ ಹುಟ್ಟುವದೆಂದು ಮಗಳು ಹೇಳಿದಳು. ಹದಿನೈದು ಸಾವಿರ ರೂಪಾಯಿಗೆ ಮೂವತ್ತೇಳೂವರೆ ಸಾವಿರ ಮೈಲು. ಅದೇ ಮೈಲನ್ನು ವಿಮಾನಕ್ಕೆ ಕೊಟ್ಟರೆ? ಡಲ್ಲಾಸಿನಿಂದ ಬೆಂಗಳೂರಿಗೆ ಒಂದು ಕಡೆಯ ಪ್ರಯಾಣಕ್ಕೆ ನಲವತ್ತು ಸಾವಿರ ಮೈಲು ಬೇಕಂತೆ. ತೆರಿಗೆಯನ್ನು ಬೇರೆ ತೆರಬೇಕು. ಅದೇ ಟಿಕೆಟ್ಟಿಗೆ ಅಂದಿನ ದರವು ಅರವತ್ತು ಸಾವಿರ ರೂಪಾಯಿಯ ಸುಮಾರಿಗೆ ಇದ್ದಿತು. ತೆರಿಗೆಯನ್ನು ಕಳೆದು ಹಿಡಿದರೂ ಒಂದು ಮೈಲಿಗೆ ಒಂದು ರೂಪಾಯಿಗೆ ಕಡಿಮೆಯಿಲ್ಲ. ನಲವತ್ತು ಪೈಸೆಗೂ ಒಂದು ರೂಪಾಯಿಗೂ ಇರುವ ಅಂತರವು ಏಳನೆಯ ಇಯತ್ತೆಯ ಹುಡುಗನಿಗೂ ತಿಳಿಯುವದು. ಕಾರಿಗೆ ಮೈಲನ್ನು ಸುರಿದರೆ ಎಪ್ಪತ್ತು ಸಾವಿರದಲ್ಲಿ ಉಳಿಯುವದು ಮೂವತ್ತೆರಡೂವರೆ ಸಾವಿರ. ಅಷ್ಟರಲ್ಲಿ ಅವಳು ಬರಲಾರಳು.

ಆದರೂ ನನ್ನ ಮನಸ್ಸು ಕೂಡಲೆ ಒಂದು ಕಡೆಗೆ ವಾಲಲಿಲ್ಲ. ಅದಕ್ಕೆ ಕಾರಣವು ನಮ್ಮ ಮನೆಯ ಹಗೇವು.

ವಿಜಯಪುರ ಸೀಮೆಯ ಹಿರಿಯರಿಗೆ ಹಗೇವನ್ನು ವರ್ಣಿಸಬೇಕಾಗಿಲ್ಲ. ನೆಲದಲ್ಲಿ ಆಳವಾಗಿ ಅಗೆದು, ತಳಕ್ಕೂ ಸುತ್ತಲೂ ಒಣಹುಲ್ಲು ಹೊಟ್ಟುಗಳನ್ನು ಹಾಸಿ, ಜೋಳವನ್ನು ತುಂಬಿ, ಬಾಯಿಗೆ ಹಾಸುಗಲ್ಲನ್ನಿಟ್ಟು ಮಣ್ಣಿನಿಂದ ಮುಚ್ಚುವರು. ಬರಗಾಲಕ್ಕೆ ಅದೇ ಬ್ಯಾಂಕು. ತೆರೆದೊಡನೆ ಯಾರೂ ಒಳಗಿಳಿಯಬಾರದು. ಕೆಟ್ಟ ಗಾಳಿಯಿಂದ ಪ್ರಾಣ ಹೋಗುವದುಂಟು. ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯುವನು. ನಮ್ಮಜ್ಜನು ಒಮ್ಮೆ, ಜೋಳದ ಧಾರಣೆ ಇನ್ನೂ ಏರಲಿ ಎಂದು ಎರಡು ವರ್ಷ ಹಗೇವನ್ನು ತೆರೆಯಲಿಲ್ಲವಂತೆ. ಮೂರನೆಯ ವರ್ಷ ಮಳೆ ವಿಪರೀತವಾಗಿ ನೀರು ಜಿನುಗಿತು. ತೆರೆದಾಗ ನಡುವಿನ ಜೋಳವೆಲ್ಲ ಕಪ್ಪಾಗಿ ಗಂಟುಗಟ್ಟಿದ್ದಿತು, ದನಗಳೂ ಮೂಸಲಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಬಹಳ ದಿನ ಕೂಡಿಟ್ಟರೆ, “ಅಜ್ಜನ ಹಗೇವು ಮಾಡಬ್ಯಾಡ,” ಎನ್ನುವ ಮಾತು ಇಂದಿಗೂ ನಡೆಯುತ್ತದೆ.

ಮೈಲಿನ ಹಗೇವಿಗೂ ನೀರು ಜಿನುಗುವದುಂಟು. ಬೆಂಗಳೂರಿನ ಕಿಂಗ್‌ಫಿಶರ್ ಸಂಸ್ಥೆ 2005ರಲ್ಲಿ ಎಷ್ಟು ಸಂಭ್ರಮದಿಂದ ಹಾರತೊಡಗಿತೆಂಬುದು ಅನೇಕರಿಗೆ ನೆನಪಿರಬಹುದು. ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಸಾಮಾನ್ಯರಿಗಾಗಿ ಕಟ್ಟಿದ ಏರ್ ಡೆಕ್ಕನ್ ಕೂಡ ಅದರಲ್ಲಿಯೇ ಲೀನವಾಯಿತು. 2012ರ ಅಕ್ಟೋಬರದಲ್ಲಿ ಆ ವಿಮಾನಗಳು ನಿಂತುಹೋದವು. ಕೂಡಿಟ್ಟವರ ಮೈಲುಗಳಿಗೆ ಹತ್ತಲು ವಿಮಾನವೇ ಇಲ್ಲದಾಯಿತು. ಎಲ್ಲೆಡೆಯೂ ಹೀಗೆಯೇ ಆಗುವದೆಂದು ನಾನು ಹೇಳಲಾರೆನು. 2024ರ ನವೆಂಬರದಲ್ಲಿ ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದಲ್ಲಿ ಕೂಡಿಹೋದಾಗ ಅದರ ಗಿರಾಕಿಗಳ ಅಂಕಗಳು ಒಂದಕ್ಕೆ ಒಂದರಂತೆ ಹೊಸ ಖಾತೆಗೆ ಬಂದವು. ಆದರೆ ಹಾಗಾಗುವದೋ ಹೀಗಾಗುವದೋ ಎಂಬುದು ಕೂಡಿಟ್ಟವನ ಕೈಯಲ್ಲಿ ಇರುವದಿಲ್ಲ. ಮೈಲಿಗೆ ಬಡ್ಡಿಯೂ ಇಲ್ಲ, ಅವಧಿಯುಂಟು. ಅಂದ ಮೇಲೆ ಇಂದು ನಲವತ್ತು ಪೈಸೆಯಾದರೂ ಕೈಗೆ ಬರಲಿ ಎನ್ನುವವನು ಅಜ್ಜನಿಗಿಂತ ಜಾಣನಲ್ಲವೆ? ಎರಡು ದಿನ ಈ ಡೋಲಾಯಮಾನದಲ್ಲಿಯೇ ಕಳೆದವು.

ಇದರ ನಡುವೆ ಇನ್ನೊಂದು ಸಂಗತಿಯು ಗೊತ್ತಾಯಿತು. ಆ ಕೂಪನು ಎಲ್ಲ ವಾಹನಕ್ಕೂ ನಡೆಯುವಂಥದಲ್ಲ. ಉಬರ್ ಸಂಸ್ಥೆಯವರು 2025ರ ಫೆಬ್ರುವರಿಯಿಂದ ತಮ್ಮ ಆಟೋಗಳ ಬಾಡಿಗೆಯನ್ನು ಗಿರಾಕಿಯು ಚಾಲಕನಿಗೇ ನೇರವಾಗಿ, ನಗದಿನಿಂದಲೋ ಯುಪಿಐಯಿಂದಲೋ ಕೊಡಬೇಕೆಂದು ನಿಯಮ ಮಾಡಿದರು. ಕೂಡಿಟ್ಟ ಜಮೆ ಅಲ್ಲಿ ಸಲ್ಲದು. 2022ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ನಮ್ಮ ಯಾತ್ರಿ’ಯ ರೀತಿಯೂ ಹಣವು ನೇರ ಚಾಲಕನ ಕೈಗೆ ಹೋಗುವದೇ. ಮಳೆಯಿಲ್ಲದ ದಿನ ಮಧ್ಯಾಹ್ನ ತಿರುಗಿ ಬರುವಾಗ ನಮ್ಮಾಕೆ ಆಟೋದಲ್ಲಿ ಕೂಡ್ರಲು ಒಪ್ಪುತ್ತಿದ್ದಳು. ಅದರಲ್ಲಿ ನೂರು ರೂಪಾಯಿ ಉಳಿಯುತ್ತಿದ್ದಿತು. ಮೈಲಿನ ಕೂಪನಿದ್ದರೆ ಅದು ತೀರಲೆಂದು ನಾವು ಸುಮ್ಮನೆ ಕಾರನ್ನೇ ಕರೆಯುತ್ತಿದ್ದೆವು. ಪುಕ್ಕಟೆಯೆಂದು ಕಾಣುವದು ಎಷ್ಟೋ ಸಲ ಹೀಗೆ ಹೆಚ್ಚು ತಿನ್ನುವದು.

ಒಂದು ದಿನದ ಕಾರಿನ ಚಾಲಕನು ಸಿಂದಗಿಯ ಕಡೆಯವನು. ನಮ್ಮ ಮಾತಿನ ಧಾಟಿಯನ್ನು ಕೇಳಿ ಹಿಂದಿರುಗಿ ನೋಡಿ, “ಯಾವೂರ್ರಿ ಸರ?” ಎಂದನು. ಘೋಣಸಗಿಯೆಂದೆನು. ಅವನ ಅಕ್ಕನನ್ನು ಬಾಬಾನಗರಕ್ಕೆ ಕೊಟ್ಟಿದ್ದಾರಂತೆ. ತಿಕೋಟೆಯ ಸುತ್ತಿನ ದ್ರಾಕ್ಷಿಯ ತೋಟಗಳನ್ನೂ ಒಣದ್ರಾಕ್ಷಿಯ ಶೆಡ್ಡುಗಳನ್ನೂ ಬಲ್ಲನು. ಇಂಥವನನ್ನು ನಾನು ಕೇಳದೆ ಬಿಡುವೆನೆ? ಗಿರಾಕಿಯು ಕೂಪನು ಕೊಟ್ಟರೆ ನಿನಗೇನು, ರೊಕ್ಕ ಕೊಟ್ಟರೆ ನಿನಗೇನು ಎಂದೆನು. “ನನ್ನ ಪಾಲು ತಪ್ಪೂದಿಲ್ಲರಿ. ಆದರ ಅದು ನಾಳೆ ಬರ್ತೈತಿ. ರೊಕ್ಕ ಈಗ ಬರ್ತೈತಿ. ಗ್ಯಾಸ ಈಗ ಹಾಕಸಬೇಕು,” ಎಂದನು. ಅರ್ಥಶಾಸ್ತ್ರದ ಪುಸ್ತಕಗಳನ್ನು ನಾನೂ ಓದಿದ್ದೇನೆ. ಇಷ್ಟು ಮೋಟಾಗಿ ಯಾರೂ ಹೇಳಿರಲಿಲ್ಲ.

ನಿರ್ಣಯವನ್ನು ಮಾಡಿದವಳು ಮಾತ್ರ ನನ್ನ ಮಡದಿ. ಅಂದು ರಾತ್ರಿ ನಾನು ವಹಿಯನ್ನು ಮುಂದಿಟ್ಟುಕೊಂಡು ನಲವತ್ತು ಪೈಸೆ, ಒಂದು ರೂಪಾಯಿ, ಅವಧಿ, ಕಿಂಗ್‌ಫಿಶರ್, ಅಜ್ಜನ ಹಗೇವು ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದೆನು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದಳು. ನಿದ್ದೆ ಹತ್ತಿತೇನೋ ಎಂದು ನಾನು ವಹಿಯನ್ನು ಮುಚ್ಚುವಷ್ಟರಲ್ಲಿ, “ಆಕಿ ಬರೂದು ಆ ಮೈಲಿನಾಗ ಐತೇನ್ರಿ?” ಎಂದಳು.

“ಐತಿ.”

“ಹಂಗಾರ ಅದನ್ನ ಮುಟ್ಟಬ್ಯಾಡ್ರಿ.”

ಮರುದಿನದಿಂದ ರೊಕ್ಕವನ್ನೇ ಕೊಟ್ಟೆವು. ಐವತ್ತು ಸವಾರಿಗೆ ಮೂವತ್ತೇಳೂವರೆ ಸಾವಿರವೆಂದರೆ ಒಂದು ಸವಾರಿಗೆ ಏಳುನೂರ ಐವತ್ತು ಮೈಲು. ಕಾರಿನಿಂದ ಇಳಿದು, ನಾನು ಹಣವನ್ನು ಕೊಟ್ಟು ತಿರುಗುವವರೆಗೆ ಅವಳು ಕಾದು ನಿಂತು, “ಇವತ್ತ ಎಷ್ಟ ಮೈಲ ಉಳೀತು?” ಎಂದು ಕೇಳುವಳು. ಏಳುನೂರ ಐವತ್ತು ಎನ್ನುವೆನು. ಮನೆಗೆ ಬಂದ ಮೇಲೆ ಇನ್ನೊಂದು ಏಳುನೂರ ಐವತ್ತು. ಹದಿನಾಲ್ಕನೆಯ ದಿನದ ಹೊತ್ತಿಗೆ ಚರ್ಮವು ಸುಟ್ಟಂತಾಗಿ, ಅನ್ನ ಸೇರದೆ, ಅವಳು ಮಾತಾಡುವದನ್ನೇ ಕಡಿಮೆ ಮಾಡಿದಳು. ಆದರೆ ಆ ಒಂದು ಪ್ರಶ್ನೆಯನ್ನು ಬಿಡಲಿಲ್ಲ. ಉಳಿದದ್ದೆಲ್ಲವನ್ನೂ ತಾನೇ ಬಾಯಲ್ಲಿ ಕೂಡಿಸಿಟ್ಟುಕೊಂಡಿದ್ದಳು. ಒಮ್ಮೆ ನನ್ನ ಕೂಡಿಕೆಯಲ್ಲಿಯೇ ತಪ್ಪನ್ನು ಹಿಡಿದಳು.

ಒಂದು ರಾತ್ರಿ ಮಾತ್ರ ಆ ವ್ರತವು ಮುರಿಯಿತು. ಎರಡು ಗಂಟೆಗೆ ಅವಳಿಗೆ ಚಳಿಜ್ವರ ಬಂದಿತು. ತಮ್ಮನು ಕೆಲಸಕ್ಕೆಂದು ಪರಸ್ಥಳಕ್ಕೆ ಹೋಗಿದ್ದನು. ನಾನು ನಡುಗುವ ಕೈಯಿಂದ ಕರೆದ ಕಾರುಗಳು ಒಂದೊಂದಾಗಿ ತಾವೇ ರದ್ದಾದವು. ಅಷ್ಟರಲ್ಲಿ ಡಲ್ಲಾಸಿನಲ್ಲಿ ಹಾಡುಹಗಲಲ್ಲಿ ಕುಳಿತಿದ್ದ ಮಗಳು ತನ್ನ ಫೋನಿನಿಂದಲೇ ನಮ್ಮ ಬಾಗಿಲಿಗೆ ಕಾರನ್ನು ಕರೆಯಿಸಿದಳು; ಅದಕ್ಕೆಂದು ತೆಗೆದ ಕೂಪನು ನಾಲ್ಕುನೂರ ಎಂಬತ್ತು ರೂಪಾಯಿಯದು. ವಹಿಯ ಮೈಲಿನ ಮನೆಯಲ್ಲಿ ಖರ್ಚು ಬಿದ್ದುದು ಅದೊಂದೇ ಸಾಲು: ಸಾವಿರದ ಇನ್ನೂರು. ಅಂದು ಲೆಕ್ಕವನ್ನು ಮಡದಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜ್ವರವು ಬೆಳಗಿಗೆ ಇಳಿಯಿತು.

ಚಿಕಿತ್ಸೆಯು ಮುಗಿಯುತ್ತ ಬಂದಾಗ ಮಗಳು ಬರುವದು ಗೊತ್ತಾಯಿತು. ಆಗ ನೋಡಿದರೆ, ಅವಳಿಗೆ ರಜೆಯಿದ್ದ ದಿನಗಳಲ್ಲಿ ಮೈಲಿಗೆ ಕೊಡುವ ಆಸನಗಳು ಒಂದೂ ಉಳಿದಿರಲಿಲ್ಲ. ಮೂರು ವಾರ ತಡೆದರೆ ಇವೆಯೆಂದು ಆ ಸಂಸ್ಥೆಯ ಪುಟವು ತೋರಿಸಿತು. ಅವಳು ತಡೆಯಲಿಲ್ಲ, ರೊಕ್ಕವನ್ನೇ ಕೊಟ್ಟು ಟಿಕೆಟ್ಟನ್ನು ಕೊಂಡಳು. ಅರವತ್ತೆಂಟು ಸಾವಿರದ ಎಂಟುನೂರು ಮೈಲು ಇದ್ದಲ್ಲಿಯೇ ಇವೆ. ಹದಿನೈದು ಸಾವಿರ ರೂಪಾಯಿ ಉಳಿಸಬಹುದಾಗಿತ್ತಲ್ಲ ಎಂದು ನಾನು ಗಣಿತದವನ ಸ್ವಭಾವದಂತೆ ಮಡದಿಗೆ ಅಂದೆನು. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಗಂಟು ಕಟ್ಟುವ ಕೆಲಸಕ್ಕೆ ತಿರುಗಿದಳು.

ಮೂವರೂ ಕೂಡಿ ರೈಲಿನಿಂದ ವಿಜಯಪುರಕ್ಕೆ ಬಂದು ಇಳಿದೆವು. ಬಸ್ ನಿಲ್ದಾಣದಲ್ಲಿ ನಮ್ಮೂರ ಬಸ್ಸು ನಿಂತಿದ್ದಿತು. ಕಾರು ಮಾಡೋಣವೆಂದು ನಾನು ಹೇಳಿದರೂ ತಾಯಿ-ಮಗಳು ಕೇಳದೆ ಹತ್ತಿ ಕಿಟಕಿಯ ಹತ್ತಿರ ಕುಳಿತರು. ಊರನ್ನು ದಾಟಿದ ಮೇಲೆ ಕಂಡಕ್ಟರನು ಬಂದನು. ಮಡದಿ ತನ್ನ ಆಧಾರ ಚೀಟಿಯನ್ನು ತೋರಿಸಿದಳು. ಮಗಳು ಚೀಲದಲ್ಲಿ ಹುಡುಕಿ, ಘೋಣಸಗಿಯ ವಿಳಾಸವಿದ್ದ ತನ್ನ ಹಳೆಯ ಚೀಟಿಯನ್ನು ತೆಗೆದು ತೋರಿಸಿದಳು. ಅವನು ಯಂತ್ರವನ್ನು ಒತ್ತಿ ಇಬ್ಬರಿಗೂ ಒಂದೊಂದು ಶೂನ್ಯದ ಟಿಕೆಟ್ಟನ್ನು ಹರಿದುಕೊಟ್ಟು, ನನ್ನ ಕಡೆಗೆ ಕೈ ಚಾಚಿದನು. ನಾನು ರೊಕ್ಕವನ್ನು ಕೊಟ್ಟೆನು.